‘ಓವರ್’ ಪದಕ್ಕೆ ಎಷ್ಟು ಅರ್ಥ? ಅರ್ಥಜಾಲ ವಿಶ್ಲೇಷಣೆಯ ಎಣಿಕೆಯ ಮಾನದಂಡಗಳು: ಒಂದು ವಿಮರ್ಶೆ

ಸಾರಾಂಶ

ಇಂಗ್ಲಿಷಿನ ‘ಓವರ್’ ಎಂಬ ಕಿರುಪದವು 1981ರಿಂದೀಚೆಗೆ ಅನೇಕಾರ್ಥತೆಯ ಅಧ್ಯಯನದ ಪ್ರಮುಖ ನಿದರ್ಶನವಾಗಿದೆ. ಬ್ರುಗ್‌ಮನ್, ಲೇಕಾಫ್, ಡ್ಯೂವೆಲ್, ಕ್ರೈಟ್ಜರ್, ಟೈಲರ್ ಮತ್ತು ಇವಾನ್ಸ್ ಇವರು ಇದಕ್ಕೆ ಬೇರೆ ಬೇರೆ ಅರ್ಥಸಂಖ್ಯೆಗಳನ್ನು ನೀಡಿದ್ದಾರೆ. ಈ ಭಿನ್ನತೆಯ ಮೂಲ ದತ್ತಾಂಶದಲ್ಲಿಲ್ಲ, ಎಣಿಕೆಯ ಮಾನದಂಡದಲ್ಲಿದೆ ಎಂಬುದು ಪ್ರಸ್ತುತ ಲೇಖನದ ವಾದ. ಐತಿಹಾಸಿಕ ವಿಕಾಸ, ವಾಕ್ಯದ ಚೌಕಟ್ಟು ಮತ್ತು ಭಾಷಿಕನ ಸದ್ಯದ ಜ್ಞಾನ ಈ ಮೂರೂ ಒಂದೇ ಜಾಲಚಿತ್ರದಲ್ಲಿ ಬೆರೆತಿರುವುದನ್ನು ಇಲ್ಲಿ ತೋರಿಸಲಾಗಿದೆ. ಅನುವಾದ ಸಮಾನಪದಗಳನ್ನು ಅರ್ಥಭೇದದ ಸಾಕ್ಷಿಯಾಗಿ ಬಳಸುವ ಕ್ರಮವನ್ನೂ, ಆಡುಗನ್ನಡಕ್ಕೆ ಬಂದಿರುವ ‘ಓವರ್’ ಪದದ ಬಳಕೆಯನ್ನೂ ಪರಿಶೀಲಿಸಿ, ಎಣಿಕೆಗೆ ಮೂರು ನಿಯಮಗಳನ್ನು ಸೂಚಿಸಲಾಗಿದೆ.

ಪ್ರಮುಖ ಪದಗಳು: ಅನೇಕಾರ್ಥತೆ, ಪೂರ್ವಸರ್ಗ, ಪರಸರ್ಗ, ಅರ್ಥಜಾಲ, ಅರಿವಿನ ಭಾಷಾವಿಜ್ಞಾನ, ಪದಸ್ವೀಕರಣ

1. ಸಮಸ್ಯೆ

ಒಂದು ಪದಕ್ಕೆ ಹಲವು ಅರ್ಥಗಳಿವೆ ಎಂದು ಹೇಳುವುದು ಸುಲಭ; ಎಷ್ಟು ಎಂದು ಹೇಳುವುದು ಕಷ್ಟ. ಮಿಶೆಲ್ ಬ್ರೆಯಾಲ್ 1897ರ ತಮ್ಮ ಗ್ರಂಥದಲ್ಲಿ ಅನೇಕಾರ್ಥತೆಗೆ ಪಾರಿಭಾಷಿಕ ಹೆಸರು ಕೊಟ್ಟ ಮೇಲೂ ಈ ಎರಡನೆಯ ಪ್ರಶ್ನೆ ಇತ್ಯರ್ಥವಾಗಿಲ್ಲ. ಭಾರತೀಯ ಚಿಂತನೆಗೂ ಇದು ಹೊಸತಲ್ಲ. ಅರ್ಥ ಬೇರೆಯಾದಾಗ ಶಬ್ದವೂ ಬೇರೆಯೆಂದು ತಿಳಿಯಬೇಕೆ, ಅಥವಾ ಒಂದೇ ಶಬ್ದಕ್ಕೆ ಹಲವು ಶಕ್ತಿಗಳೆಂದು ತಿಳಿಯಬೇಕೆ ಎಂಬ ಎರಡು ಪಕ್ಷಗಳನ್ನೂ ಭರ್ತೃಹರಿಯ ‘ವಾಕ್ಯಪದೀಯ’ ಚರ್ಚಿಸುತ್ತದೆ. ಸಂಸರ್ಗ, ವಿಪ್ರಯೋಗ, ಸಾಹಚರ್ಯ, ಪ್ರಕರಣ ಮೊದಲಾದ ಅರ್ಥನಿರ್ಣಾಯಕಗಳ ಪಟ್ಟಿಯನ್ನೂ ಅದು ಕೊಡುತ್ತದೆ. ಪದ ಯಾವುದನ್ನು ಹೇಳುತ್ತದೆ, ಸುತ್ತಲಿನ ಸಂದರ್ಭ ಯಾವುದನ್ನು ಹೇಳುತ್ತದೆ ಎಂಬ ವಿಂಗಡಣೆಯೇ ಅಲ್ಲಿನ ಮುಖ್ಯ ಕಾಳಜಿ. ಆಧುನಿಕ ಚರ್ಚೆಯೂ ಅಂತಿಮವಾಗಿ ಅದೇ ವಿಂಗಡಣೆಯ ಬಳಿ ಬಂದು ನಿಲ್ಲುತ್ತದೆ.

‘ಓವರ್’ ಪದದ ವ್ಯಾಪ್ತಿಯನ್ನು ಕೆಳಗಿನ ವಾಕ್ಯಗಳಲ್ಲಿ ಕಾಣಬಹುದು.

(1) ದ ಕೈಟ್ ಈಸ್ ಓವರ್ ದ ರೂಫ್. — ಗಾಳಿಪಟ ಮಾಳಿಗೆಯ ಮೇಲೆ ಇದೆ.
(2) ಶೀ ಸ್ಪ್ರೆಡ್ ಎ ಬ್ಲ್ಯಾಂಕೆಟ್ ಓವರ್ ದ ಚೈಲ್ಡ್. — ಅವಳು ಮಗುವಿಗೆ ಕಂಬಳಿ ಹೊದಿಸಿದಳು.
(3) ದ ಪೋಸ್ಟ್ ಆಫೀಸ್ ಈಸ್ ಓವರ್ ದ ಬ್ರಿಜ್. — ಸೇತುವೆ ದಾಟಿದರೆ ಅಂಚೆ ಕಚೇರಿ.
(4) ದ ಮ್ಯಾಚ್ ಈಸ್ ಓವರ್. — ಪಂದ್ಯ ಮುಗಿದಿದೆ.
(5) ದ ಟ್ರೀ ಫೆಲ್ ಓವರ್. — ಮರ ಉರುಳಿಬಿತ್ತು.
(6) ಶೀ ಚೋಸ್ ಟೀ ಓವರ್ ಕಾಫಿ. — ಅವಳು ಕಾಫಿಯನ್ನು ಬಿಟ್ಟು ಚಹಾ ಆರಿಸಿಕೊಂಡಳು.

ಪ್ರಾಚೀನ ಇಂಗ್ಲಿಷಿನ ‘ಓಫೆರ್’ ರೂಪದಿಂದ ಬಂದ ಈ ಪದ ಜರ್ಮನ್ನಿನ ‘ಊಬರ್’, ಲ್ಯಾಟಿನ್ನಿನ ‘ಸೂಪೆರ್’, ಗ್ರೀಕಿನ ‘ಹುಪೆರ್’, ಸಂಸ್ಕೃತದ ‘ಉಪರಿ’ ಇವುಗಳ ಜ್ಞಾತಿಪದ. ಆದ್ದರಿಂದ ಮೇಲಿನ ಆರೂ ಬಳಕೆಗಳು ಒಂದೇ ಮೂಲದಿಂದ ಹರಿದುಬಂದವು ಎನ್ನುವುದರಲ್ಲಿ ವಿವಾದವಿಲ್ಲ. ಇಂದಿನ ಇಂಗ್ಲಿಷ್ ಭಾಷಿಕನ ಮನಸ್ಸಿನಲ್ಲಿ ಇವು ಒಂದೇ ಪದದ ಎಷ್ಟು ಅರ್ಥಗಳಾಗಿ ನೆಲೆಸಿವೆ ಎಂಬುದು ಮಾತ್ರ ವಿವಾದದ ವಿಷಯ.

2. ಎಣಿಕೆಯ ಚರಿತ್ರೆ

ಕ್ಲಾಡಿಯಾ ಬ್ರುಗ್‌ಮನ್ 1981ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಗೆ ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧದಲ್ಲಿ ‘ಓವರ್’ ಪದದ ಅರ್ಥಗಳನ್ನು ಒಂದಕ್ಕೊಂದು ಹೆಣೆದುಕೊಂಡ ವ್ಯವಸ್ಥೆಯಾಗಿ ಮೊದಲ ಬಾರಿಗೆ ವಿವರವಾಗಿ ವಿಶ್ಲೇಷಿಸಿದರು. ಜಾರ್ಜ್ ಲೇಕಾಫ್ (1987) ಇದನ್ನು ವಿಸ್ತರಿಸಿ ಕೇಂದ್ರಾಭಿಮುಖ ವರ್ಗದ ಸಿದ್ಧಾಂತಕ್ಕೆ ನಿದರ್ಶನವಾಗಿಸಿದರು. ಅವರ ದೃಷ್ಟಿಯಲ್ಲಿ ಕೇಂದ್ರಾರ್ಥವೆಂದರೆ ಮೇಲಿನಿಂದ ಹಾದು ಅತ್ತ ಹೋಗುವ ಚಲನೆ. ಚಲಿಸುವ ವಸ್ತುವು ನೆಲೆವಸ್ತುವನ್ನು ಮುಟ್ಟುತ್ತದೆಯೇ, ನೆಲೆವಸ್ತು ಎತ್ತರವಾಗಿದೆಯೇ, ಹರಡಿಕೊಂಡಿದೆಯೇ ಎಂಬ ಭೇದಗಳೆಲ್ಲ ಪ್ರತ್ಯೇಕ ಬಿಂಬಚೌಕಟ್ಟುಗಳಾಗಿ ಜಾಲದೊಳಗೆ ಸೇರಿದುವು. ಹೀಗೆ ಅರ್ಥಗಳ ಸಂಖ್ಯೆ 20ನ್ನು ಮೀರಿತು.

ರಾಬರ್ಟ್ ಡ್ಯೂವೆಲ್ (1994) ಕೇಂದ್ರವನ್ನೇ ಬದಲಿಸಿ, ಏರಿ ಇಳಿಯುವ ಕಮಾನಿನಂತಹ ಪಥವನ್ನು ಮೂಲವೆಂದು ಗಣಿಸಿದರು. ಪಥದ ಯಾವ ಭಾಗಕ್ಕೆ ಗಮನ ಹೋಗುತ್ತದೆ ಎಂಬುದರಿಂದ ಉಳಿದ ಅರ್ಥಗಳನ್ನು ವಿವರಿಸಲು ಯತ್ನಿಸಿದರು. ಅನಾಟೊಲ್ ಕ್ರೈಟ್ಜರ್ (1997) ಲೇಕಾಫರ ಭೇದಗಳಲ್ಲಿ ಬಹುಪಾಲು ಪದಕ್ಕೆ ಸೇರಿದ್ದಲ್ಲ, ವಾಕ್ಯದ ಇತರ ಘಟಕಗಳಿಗೆ ಸೇರಿದ್ದೆಂದು ತೋರಿಸಿ ಸ್ಥಿರ, ಚಲನಶೀಲ, ಆವರಕ ಎಂಬ 3 ಮೂಲಚೌಕಟ್ಟುಗಳನ್ನಷ್ಟೇ ಉಳಿಸಿಕೊಂಡರು. ಆಂಡ್ರಿಯಾ ಟೈಲರ್ ಮತ್ತು ವೈವಿಯನ್ ಇವಾನ್ಸ್ (2001, 2003) ಚಲನೆಯನ್ನು ಕೇಂದ್ರದಿಂದ ತೆಗೆದುಹಾಕಿದರು. ಒಂದು ವಸ್ತು ಇನ್ನೊಂದಕ್ಕಿಂತ ಎತ್ತರದಲ್ಲಿದ್ದು ಅದರ ಪ್ರಭಾವವಲಯದೊಳಗೇ ಇರುವ ಸ್ಥಿರ ‘ಮೂಲದೃಶ್ಯ’ವನ್ನು ಆಧಾರವಾಗಿ ಕಲ್ಪಿಸಿದರು. ಅವರ ಎಣಿಕೆ ಸುಮಾರು 15ಕ್ಕೆ ನಿಲ್ಲುತ್ತದೆ. ಇನ್ನೊಂದು ತುದಿಯಲ್ಲಿ ಚಾರ್ಲ್ಸ್ ರೂಲ್ (1989) ಅವರ ಏಕಾರ್ಥವಾದವಿದೆ: ಸಂದರ್ಭಕ್ಕೆ ಸಲ್ಲಬೇಕಾದದ್ದನ್ನು ಸಂದರ್ಭಕ್ಕೆ ಸಲ್ಲಿಸದೆ ಪದಕ್ಕೆ ಅನೇಕಾರ್ಥತೆಯನ್ನು ಆರೋಪಿಸಬಾರದು ಎಂಬುದು ಅದರ ತಾತ್ಪರ್ಯ.

ಒಂದೇ ಭಾಷೆ, ಒಂದೇ ಪದ, ಬಹುಮಟ್ಟಿಗೆ ಒಂದೇ ಬಗೆಯ ಉದಾಹರಣೆಗಳು. ಫಲಿತಾಂಶ ಮಾತ್ರ 3ರಿಂದ 20ರಾಚೆಗೆ ಹರಡಿದೆ. ವಿದ್ವಾಂಸರು ಏನನ್ನು ಎಣಿಸುತ್ತಿದ್ದಾರೆಂಬುದನ್ನು ಮೊದಲು ಕೇಳದೆ ಇವುಗಳಲ್ಲಿ ಯಾವುದು ಸರಿ ಎಂದು ಕೇಳುವುದು ವ್ಯರ್ಥ.

3. ಮಾನದಂಡಗಳ ಪರಿಶೀಲನೆ

ಲೇಕಾಫರ ವಿಶ್ಲೇಷಣೆಯಲ್ಲಿ ಮಾನದಂಡವೇ ಸ್ಪಷ್ಟವಾಗಿಲ್ಲ ಎಂಬ ಆಕ್ಷೇಪವನ್ನು ಟೈಲರ್ ಮತ್ತು ಇವಾನ್ಸ್ ಎತ್ತಿದ್ದು ಸಮರ್ಥನೀಯ. ಅದಕ್ಕೆ ಪರಿಹಾರವಾಗಿ ಅವರು 2 ಷರತ್ತುಗಳನ್ನು ಮುಂದಿಟ್ಟರು. ಹೊಸ ಅರ್ಥವೆಂದು ಗಣಿಸಬೇಕಾದರೆ ಆ ಬಳಕೆಯಲ್ಲಿ ಇತರ ಅರ್ಥಗಳಲ್ಲಿಲ್ಲದ ಅಂಶ ಅಥವಾ ಬೇರೆ ಸ್ಥಳವಿನ್ಯಾಸ ಇರಬೇಕು. ಮತ್ತು ಆ ಅಂಶವನ್ನು ಬೇರೊಂದು ಅರ್ಥ ಹಾಗೂ ಸಂದರ್ಭದಿಂದ ಊಹಿಸಲಾಗದಂತಹ ವಾಕ್ಯವೊಂದಾದರೂ ದೊರೆಯಬೇಕು. ಹಿಂದಿನ ಯಾವ ವಿಶ್ಲೇಷಣೆಗಿಂತಲೂ ಇದು ಹೆಚ್ಚು ಶಿಸ್ತಿನದು. ಮೂಲದೃಶ್ಯದಲ್ಲಿ ಪ್ರಭಾವವಲಯವನ್ನು ಸೇರಿಸಿದ್ದಕ್ಕೆ ಪ್ರಾಯೋಗಿಕ ಬೆಂಬಲವೂ ಇದೆ. ಕೆನಿ ಕೊವೆಂಟ್ರಿ ಮತ್ತು ಸಂಗಡಿಗರ (2001) ಪ್ರಯೋಗಗಳಲ್ಲಿ, ಕೊಡೆಯು ಮಳೆಯಿಂದ ನಿಜವಾಗಿ ರಕ್ಷಿಸುತ್ತಿದೆಯೇ ಎಂಬ ಕಾರ್ಯಾಂಶವು ‘ಓವರ್’ ಪದದ ಒಪ್ಪಿಗೆಯನ್ನು ಹೆಚ್ಚು ಪ್ರಭಾವಿಸಿತು. ‘ಅಬೌ’ ಪದದ ಒಪ್ಪಿಗೆಯನ್ನು ಜ್ಯಾಮಿತೀಯ ಸ್ಥಾನ ಹೆಚ್ಚು ಪ್ರಭಾವಿಸಿತು.

ಆದರೂ 3 ತೊಡಕುಗಳು ಉಳಿಯುತ್ತವೆ.

ಮೊದಲನೆಯದು ಊಹೆಯ ಮಿತಿ. ಸಂದರ್ಭದಿಂದ ಏನನ್ನು ಊಹಿಸಬಹುದು, ಏನನ್ನು ಊಹಿಸಲಾಗದು ಎಂಬುದಕ್ಕೆ ಸ್ವತಂತ್ರವಾದ ಸಿದ್ಧಾಂತವಿಲ್ಲದಿದ್ದರೆ ಎರಡನೆಯ ಷರತ್ತು ವಿಶ್ಲೇಷಕನ ವಿವೇಚನೆಗೆ ಬಿಟ್ಟ ವಿಷಯವಾಗುತ್ತದೆ. ವಾಕ್ಯ (3)ನ್ನೇ ನೋಡೋಣ. ಅಂಚೆ ಕಚೇರಿ ಸೇತುವೆಯ ಮೇಲಿಲ್ಲ. ಅದಕ್ಕಿಂತ ಎತ್ತರದಲ್ಲೂ ಇಲ್ಲ. ಆದ್ದರಿಂದ ‘ಆಚೆ’ ಎಂಬುದು ಹೊಸ ಅರ್ಥವೆನ್ನಬಹುದು. ಆದರೆ ಕೇಳುಗನು ಇಲ್ಲಿಂದ ಅಲ್ಲಿಗೆ ಹೋಗುವ ದಾರಿಯೊಂದನ್ನು ಕಲ್ಪಿಸಿಕೊಂಡು ಅದರ ಕೊನೆಯನ್ನು ಗ್ರಹಿಸುತ್ತಾನೆ ಎಂದೂ ವಾದಿಸಬಹುದು. ಡ್ಯೂವೆಲ್ ಅವರ ವಿವರಣೆ ಹೆಚ್ಚುಕಡಿಮೆ ಇದೇ. ಎರಡರಲ್ಲಿ ಒಂದನ್ನು ಆರಿಸಲು ಆ ಷರತ್ತು ಏನೂ ನೆರವಾಗದು.

ಎರಡನೆಯದು ಇತಿಹಾಸದ ಪ್ರವೇಶ. ಕೇಂದ್ರಾರ್ಥವನ್ನು ಗುರುತಿಸಲು ಟೈಲರ್ ಮತ್ತು ಇವಾನ್ಸ್ ಬಳಸುವ ಆಧಾರಗಳಲ್ಲಿ ಅತ್ಯಂತ ಹಳೆಯ ದಾಖಲಿತ ಅರ್ಥವೂ ಒಂದು. ಪದದ ಚರಿತ್ರೆ ಬರೆಯುವವನಿಗೆ ಇದು ಸರಿಯಾದ ಆಧಾರ. ಭಾಷಿಕನ ಮನಸ್ಸಿನ ಪದಕೋಶವನ್ನು ವಿವರಿಸುತ್ತೇನೆನ್ನುವವನಿಗೆ ಇದು ಆಧಾರವಲ್ಲ. ಇಂಗ್ಲಿಷ್ ಕಲಿಯುವ ಮಗುವಿನ ಮುಂದೆ ಪ್ರಾಚೀನ ಇಂಗ್ಲಿಷಿನ ದಾಖಲೆಗಳಿರುವುದಿಲ್ಲ. ಇದರ ಪರಿಣಾಮ ‘ಅತಿರೇಕ’ದ ಅರ್ಥದಲ್ಲಿ ಎದ್ದು ಕಾಣುತ್ತದೆ. ಅವರ ಜಾಲದಲ್ಲಿ ಅತಿರೇಕಕ್ಕೆ 2 ಬೇರೆ ಗಂಟುಗಳಿವೆ: ಒಂದು ಗುರಿಯನ್ನು ದಾಟಿ ಹೋದ ಚಲನೆಯಿಂದ ಬಂದದ್ದು, ಇನ್ನೊಂದು ಪಾತ್ರೆ ತುಂಬಿ ಹೊರಚೆಲ್ಲುವ ಅನುಭವದಿಂದ ಬಂದದ್ದು. ಆದರೆ ಇವು ಹುಟ್ಟಿದ ದಾರಿಯಲ್ಲಿ ಭಿನ್ನವೇ ಹೊರತು ಬಳಕೆಯಲ್ಲಿ ಭಿನ್ನವೆಂದು ತೋರಿಸಿಲ್ಲ. ಎರಡು ದಾರಿಯಿಂದ ಒಂದೇ ಊರಿಗೆ ಬಂದರೆ ಊರು ಎರಡಾಗುವುದಿಲ್ಲ.

ಮೂರನೆಯದು ಮನಸ್ಸಿನ ಸಾಕ್ಷಿಯ ಕೊರತೆ. ಡೊಮಿನಿಕ್ ಸಾಂದ್ರಾ ಮತ್ತು ಸ್ಯಾಲಿ ರೈಸ್ (1995) ‘ಆಟ್’, ‘ಆನ್’, ‘ಇನ್’ ಪದಗಳನ್ನು ಕುರಿತು ಪ್ರಯೋಗಗಳನ್ನು ನಡೆಸಿ, ಇಂತಹ ಜಾಲಗಳು ಯಾರ ಮನಸ್ಸನ್ನು ಪ್ರತಿಬಿಂಬಿಸುತ್ತವೆ, ಭಾಷಾವಿಜ್ಞಾನಿಯದನ್ನೋ ಭಾಷಿಕನದನ್ನೋ ಎಂದು ಕೇಳಿದರು. ಸ್ಥಳ, ಕಾಲ ಮುಂತಾದ ದೊಡ್ಡ ವಿಭಾಗಗಳಿಗೆ ದೊರೆತಷ್ಟು ಬೆಂಬಲ ಜಾಲಗಳ ಸೂಕ್ಷ್ಮಭೇದಗಳಿಗೆ ದೊರೆಯಲಿಲ್ಲ. ಆ ಪ್ರಶ್ನೆಯನ್ನು ಈ ಕ್ಷೇತ್ರ ಉಲ್ಲೇಖಿಸುವಷ್ಟು ಉತ್ತರಿಸಿಲ್ಲ.

4. ಒಂದೇ ಚೌಕಟ್ಟಿನ ಪರೀಕ್ಷೆ

ಅರ್ನಾಲ್ಡ್ ಝ್ವಿಕಿ ಮತ್ತು ಜೆರಾಲ್ಡ್ ಸೇಡಾಕ್ (1975) ಚರ್ಚಿಸಿದ ಸಂದಿಗ್ಧತೆಯ ಪರೀಕ್ಷೆಗಳನ್ನು ‘ಓವರ್’ ಪದಕ್ಕೆ ಕ್ರಮವಾಗಿ ಅನ್ವಯಿಸಿದರೆ ಕೆಲವು ಭೇದಗಳು ತಕ್ಷಣ ಬಿದ್ದುಹೋಗುತ್ತವೆ, ಕೆಲವು ಗಟ್ಟಿಯಾಗಿ ನಿಲ್ಲುತ್ತವೆ.

(7) ದ ಬರ್ಡ್ ಫ್ಲೂ, ಆಂಡ್ ದ ಚೈಲ್ಡ್ ವಾಕ್ಡ್, ಓವರ್ ದ ಬ್ರಿಜ್. — ಹಕ್ಕಿ ಸೇತುವೆಯ ಮೇಲೆ ಹಾರಿಹೋಯಿತು, ಮಗು ಅದರ ಮೇಲೆ ನಡೆದುಹೋಯಿತು.

ಹಕ್ಕಿ ಸೇತುವೆಯನ್ನು ಮುಟ್ಟಿಲ್ಲ, ಮಗು ಮುಟ್ಟಿದೆ. ಆದರೂ ಒಂದೇ ‘ಓವರ್’ ಎರಡಕ್ಕೂ ಸಾಲುತ್ತದೆ. ಸ್ಪರ್ಶದ ಇರವು ಇಲ್ಲಮೆಗಳು ಬೇರೆ ಬೇರೆ ಅರ್ಥಗಳಾಗಿದ್ದರೆ ಈ ವಾಕ್ಯ ಶ್ಲೇಷೆಯಂತೆ ಕೇಳಿಸಬೇಕಿತ್ತು, ಹಾಗೆ ಕೇಳಿಸದು. ಸ್ಪರ್ಶವು ಕ್ರಿಯಾಪದದಿಂದ ಬರುವ ಮಾಹಿತಿ. ‘ಓವರ್’ ಅದರ ಬಗ್ಗೆ ಏನೂ ಹೇಳುವುದಿಲ್ಲ. ಲೇಕಾಫರ ಜಾಲದ ಹಲವು ಗಂಟುಗಳು ಇಲ್ಲಿಗೆ ಕಳಚುತ್ತವೆ.

(8) ದ ನೇಬರ್ಸ್ ಆರ್ಗ್ಯೂಡ್ ಓವರ್ ದ ಫೆನ್ಸ್. — (ಅ) ನೆರೆಹೊರೆಯವರು ಬೇಲಿಯ ಆಚೀಚೆ ನಿಂತು ವಾದಿಸಿದರು. (ಆ) ನೆರೆಹೊರೆಯವರು ಬೇಲಿಯ ವಿಷಯಕ್ಕೆ ವಾದಿಸಿದರು.

ಇಲ್ಲಿ ಚೌಕಟ್ಟು ಒಂದೇ: ಅದೇ ಕರ್ತೃ, ಅದೇ ಕ್ರಿಯೆ, ಅದೇ ನಾಮಪದ. ಆದರೂ (ಅ)ವನ್ನು ಒಪ್ಪಿ (ಆ)ವನ್ನು ನಿರಾಕರಿಸಬಹುದು. ಜಗಳ ಮಾವಿನ ಮರದ ಬಗ್ಗೆ ನಡೆದಿದ್ದು, ಇಬ್ಬರೂ ಬೇಲಿಯ ಎರಡು ಬದಿಗಳಲ್ಲಿ ನಿಂತಿದ್ದರೆ, ವಾಕ್ಯ ಒಂದು ಓದಿನಲ್ಲಿ ಸತ್ಯ, ಇನ್ನೊಂದರಲ್ಲಿ ಅಸತ್ಯ. ನಾಮಪದದ ಜಾಗದಲ್ಲಿ ‘ದ ಫೆನ್ಸ್ ಆಂಡ್ ದ ವೀಕೆಂಡ್’ ಎಂದು ಸೇರಿಸಿದರೆ ಪರೀಕ್ಷೆ ಇನ್ನೂ ಬಿಗಿಯಾಗುತ್ತದೆ: ಬೇಲಿ, ವಾರಾಂತ್ಯ ಎರಡೂ ವಾದದ ವಿಷಯಗಳೆಂಬ ಓದು ಮಾತ್ರ ಸಹಜವಾಗಿ ಉಳಿಯುತ್ತದೆ. ಬೇಲಿಯ ಆಚೀಚೆ ನಿಂತು ವಾರಾಂತ್ಯವಿಡೀ ವಾದಿಸಿದರು ಎಂಬ ಅಡ್ಡಹಾಯ್ದ ಓದು ದೊರೆಯದು. ಸ್ಥಳ, ಕಾಲ, ವಿಷಯ ಈ ಮೂರು ಭೇದಗಳು ಹೀಗೆ ನಿಲ್ಲುತ್ತವೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ‘ವಿಷಯ’ದ ಅರ್ಥ ಎಲ್ಲ ಕ್ರಿಯಾಪದಗಳೊಂದಿಗೂ ಬರುವುದಿಲ್ಲ, ವಾದ, ಜಗಳ, ಅಳು, ಚಿಂತೆಗಳನ್ನು ಹೇಳುವ ಕ್ರಿಯೆಗಳೊಂದಿಗೆ ಬರುತ್ತದೆ. ಆದ್ದರಿಂದ ಭೇದ ಸ್ಥಾಪಿತವಾದರೂ ಅದರ ಒಡೆತನ ಪೂರ್ತಿ ‘ಓವರ್’ ಪದದ್ದೆಂದು ಹೇಳಲಾಗದು. ಕ್ರಿಯಾವರ್ಗವೂ ಅದರಲ್ಲಿ ಪಾಲುದಾರ.

ಇನ್ನು (4) ಮತ್ತು (5)ರಂತಹ ವಾಕ್ಯಗಳು. ಇವುಗಳಲ್ಲಿ ‘ಓವರ್’ ಪದದ ಮುಂದೆ ನಾಮಪದವಿಲ್ಲ. ಒಂದರಲ್ಲಿ ಅದು ವಿಧೇಯ, ಇನ್ನೊಂದರಲ್ಲಿ ಕ್ರಿಯೆಗೆ ಅಂಟಿದ ಅವ್ಯಯ. (1)ರೊಂದಿಗೆ ಇವನ್ನು ಒಂದೇ ವಾಕ್ಯದಲ್ಲಿ ಜೋಡಿಸಿದಾಗ ಆಗುವ ಅಸಂಗತಿಗೆ ವ್ಯಾಕರಣವೇ ಕಾರಣವಾಗಿರಬಹುದು. ಅಂದರೆ ಪರೀಕ್ಷೆ ಇಲ್ಲಿ ಮೌನವಾಗಿದೆ. ಜಾಲ ವಿಶ್ಲೇಷಕರು ಈ ಮೌನವನ್ನು ಅನೇಕಾರ್ಥತೆಯ ಪರವಾದ ಉತ್ತರವೆಂದು ಓದಿದ್ದಾರೆ. ಚೌಕಟ್ಟಿನ ಭೇದ ಮೊದಲು ಚೌಕಟ್ಟಿನ ಲೆಕ್ಕಕ್ಕೆ ಹೋಗಬೇಕು; ಅಲ್ಲಿ ವಿವರಣೆ ಸಿಗದೆ ಉಳಿದದ್ದು ಪದದ ಲೆಕ್ಕಕ್ಕೆ ಬರಬೇಕು.

5. ಅನುವಾದ ಸಾಕ್ಷಿಯಾಗಬಲ್ಲದೆ?

ದ್ವಿಭಾಷಿಕ ಸಂಶೋಧಕನಿಗೆ ಇನ್ನೊಂದು ಸುಲಭದ ದಾರಿ ತೋರುತ್ತದೆ. ಮೇಲಿನ ಉದಾಹರಣೆಗಳಿಗೆ ಕನ್ನಡ ಹೇಳುವಾಗ ಮೇಲೆ, ಹೊದಿಸು, ದಾಟಿದರೆ, ಮುಗಿ, ಉರುಳು, ಬಿಟ್ಟು, ಆಚೀಚೆ, ವಿಷಯಕ್ಕೆ ಎಂದು ಬೇರೆ ಬೇರೆ ಪದಗಳು ಬಂದುವು. ಹಾಗಾದರೆ ‘ಓವರ್’ ಪದಕ್ಕೆ ಕನಿಷ್ಠ ಅಷ್ಟು ಅರ್ಥಗಳಿವೆ ಎನ್ನಬಹುದಲ್ಲವೆ?

ಎನ್ನಲಾಗದು. ಅದೇ ಕ್ರಮವನ್ನು ತಿರುಗಿಸಿದರೆ ಅದರ ದೋಷ ಬಯಲಾಗುತ್ತದೆ. ‘ಮೇಜಿನ ಮೇಲೆ ಪುಸ್ತಕ’, ‘ಊರಿನ ಮೇಲೆ ವಿಮಾನ’, ‘ಬಂದ ಮೇಲೆ’, ‘ಸಾವಿರದ ಮೇಲೆ’, ‘ಅವನ ಮೇಲೆ ಸಿಟ್ಟು’ ಇವುಗಳಿಗೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಆನ್, ಓವರ್, ಆಫ್ಟರ್, ಅಬೌ, ಆಟ್ ಎಂದು ಬೇರೆ ಬೇರೆ ಪದಗಳು ಬೇಕಾಗುತ್ತವೆ. ಇಂಗ್ಲಿಷಿನ ಕನ್ನಡಿಯಲ್ಲಿ ‘ಮೇಲೆ’ ಅನೇಕಾರ್ಥಕ, ಕನ್ನಡದ ಕನ್ನಡಿಯಲ್ಲಿ ‘ಓವರ್’ ಅನೇಕಾರ್ಥಕ. ಪ್ರತಿ ಭಾಷೆಯೂ ಇನ್ನೊಂದರ ಪದವನ್ನು ಒಡೆಯುತ್ತದೆ. ‘ಕೆರೆಯ ಮೇಲೆ ಮಂಜೂ ಹಕ್ಕಿಗಳೂ ಇದ್ದುವು’ ಎಂಬ ವಾಕ್ಯದಲ್ಲಿ ಮಂಜು ನೀರನ್ನು ಮುಟ್ಟಿದೆ, ಹಕ್ಕಿಗಳು ಗಾಳಿಯಲ್ಲಿವೆ. ಕನ್ನಡಿಗನಿಗೆ ಇಲ್ಲಿ ಯಾವ ಶ್ಲೇಷೆಯೂ ಕೇಳಿಸದು. ಇಂಗ್ಲಿಷ್ ಎರಡು ಪದಗಳನ್ನಿಟ್ಟುಕೊಂಡಿದೆ ಎಂಬ ಕಾರಣಕ್ಕೆ ‘ಮೇಲೆ’ ಪದದಲ್ಲಿ ಸ್ಪರ್ಶ, ಅಸ್ಪರ್ಶ ಎಂಬ ಎರಡು ಅರ್ಥಗಳಿವೆಯೆಂದರೆ ಅದು ಕನ್ನಡದ ವರ್ಣನೆಯಲ್ಲ. ‘ಬಂದ ಮೇಲೆ’ ಎಂಬಲ್ಲಿನ ‘ಅನಂತರ’ ಎಂಬ ಅರ್ಥದ ಸ್ಥಿತಿ ಬೇರೆ. ಅದು ಪ್ರಧಾನವಾಗಿ ಭೂತಕೃದಂತದ ಜತೆಗೆ ಬರುತ್ತದೆ. ಆ ಚೌಕಟ್ಟೇ ಅದರ ಗುರುತು.

ದ್ವಿಭಾಷಾ ನಿಘಂಟು ಸಮಾನಪದಗಳ ಪ್ರಕಾರ ಅರ್ಥಗಳನ್ನು ವಿಂಗಡಿಸುವುದು ತಪ್ಪಲ್ಲ. ಅದರ ಉದ್ದೇಶ ಓದುಗನಿಗೆ ಸರಿಯಾದ ಪದ ಒದಗಿಸುವುದು. ಆ ವಿಂಗಡಣೆಯನ್ನೇ ಅರ್ಥವಿಜ್ಞಾನದ ಫಲಿತಾಂಶವೆಂದು ಮಂಡಿಸಿದಾಗ ತೊಂದರೆ ಶುರುವಾಗುತ್ತದೆ. ಗಣಕ ಸಂಪನ್ಮೂಲಗಳ ನಿರ್ಮಾಣದಲ್ಲೂ ಇದೇ ಅಪಾಯವಿದೆ. ಕನ್ನಡವನ್ನೂ ಒಳಗೊಂಡ ಇಂಡೋವರ್ಡ್‌ನೆಟ್ ಹಿಂದಿ ವರ್ಡ್‌ನೆಟ್‌ನಿಂದ ವಿಸ್ತರಣಾ ವಿಧಾನದಲ್ಲಿ ಬೆಳೆದದ್ದು. ಅನೇಕ ಭಾಷೆಗಳನ್ನು ಬೇಗ ಜೋಡಿಸಲು ಇದು ಅನುಕೂಲಕರ ವಿಧಾನ. ಆದರೆ ಅರ್ಥದ ಗಡಿಗಳು ಮೂಲಭಾಷೆಯಿಂದ ಬರುವ ಸಾಧ್ಯತೆ ಅದರಲ್ಲಿ ಅಂತರ್ಗತವಾಗಿದೆ. ಗಡಿಯನ್ನು ಗುರಿಭಾಷೆಯೊಳಗೇ ಮತ್ತೆ ಪರೀಕ್ಷಿಸುವ ಹೊಣೆ ಅದನ್ನು ಬಳಸುವ ಸಂಶೋಧಕನದು.

6. ಕನ್ನಡಕ್ಕೆ ಬಂದ ‘ಓವರ್’

ಅನುವಾದಕ್ಕಿಂತ ಪದಸ್ವೀಕರಣ ಭಿನ್ನವಾದ ಸಾಕ್ಷಿ. ಅನುವಾದದಲ್ಲಿ ನಾವು ಅರ್ಥವನ್ನು ಹಂಚುತ್ತೇವೆ. ಸ್ವೀಕರಣದಲ್ಲಿ ಪದದ ಒಂದು ಭಾಗವನ್ನು ಆರಿಸಿಕೊಳ್ಳುತ್ತೇವೆ. ಆಡುಗನ್ನಡದಲ್ಲಿ ‘ಓವರ್’ ಮುಖ್ಯವಾಗಿ 3 ಬಗೆಯಲ್ಲಿ ನೆಲೆಸಿದೆ. ಒಂದು, ಕ್ರಿಕೆಟ್ಟಿನ 6 ಎಸೆತಗಳ ಗುಚ್ಛ: ‘ಕೊನೆಯ ಓವರ್’. ಎರಡು, ಮುಕ್ತಾಯ: ‘ಕಥೆ ಓವರ್’. ಮೂರು, ಅತಿರೇಕ: ‘ಅವನದು ಸ್ವಲ್ಪ ಓವರ್’, ‘ಓವರ್ ಆಗಿ ಆಡಬೇಡ’.

ಮೂರನೆಯದು ವಿಶೇಷ ಗಮನಕ್ಕೆ ಯೋಗ್ಯ. ಇಂಗ್ಲಿಷಿನಲ್ಲಿ ಒಬ್ಬನ ವರ್ತನೆ ಮಿತಿಮೀರಿತೆಂದು ಹೇಳಲು ‘ಓವರ್’ ಎಂಬ ಬಿಡಿಪದವನ್ನು ಹೀಗೆ ವಿಧೇಯವಾಗಿ ಬಳಸುವುದಿಲ್ಲ. ‘ಓವರ್‌ಆ್ಯಕ್ಟಿಂಗ್’, ‘ಓವರ್‌ಲೋಡ್’ ಮುಂತಾದುವುಗಳಲ್ಲಿ ಅದು ಪದದ ಪೂರ್ವಾಂಶವಾಗಿ ಬರುತ್ತದೆ. ಕನ್ನಡ ಆ ಅಂಶವನ್ನು ಬಿಡಿಸಿಕೊಂಡು ಸ್ವತಂತ್ರ ಪದವಾಗಿಸಿದೆ. ‘ಸ್ವಲ್ಪ’, ‘ತುಂಬಾ’ ಎಂಬ ವಿಶೇಷಣಗಳನ್ನೂ ಅದಕ್ಕೆ ಸೇರಿಸುತ್ತದೆ. ‘ಆಟ ಓವರ್ ಆಯ್ತು’ ಎಂಬ ವಾಕ್ಯಕ್ಕೆ ಇದರಿಂದ ಎರಡು ಓದುಗಳು: ಆಟ ಮುಗಿಯಿತು, ಚೇಷ್ಟೆ ಮಿತಿಮೀರಿತು. ಇಲ್ಲಿ ‘ಆಟ’ ಪದದ ಇಬ್ಬಗೆಯೂ ಸೇರಿಕೊಂಡಿದೆ ಎನ್ನುವವರು ‘ಭಾಷಣ ಓವರ್ ಆಯ್ತು’ ಎಂಬುದನ್ನು ಪರಿಶೀಲಿಸಬಹುದು. ಸಂದಿಗ್ಧತೆ ಹಾಗೆಯೇ ಉಳಿಯುತ್ತದೆ. ‘ಸ್ವಲ್ಪ’ ಸೇರಿದೊಡನೆ ಮುಕ್ತಾಯದ ಓದು ಹಿಂದೆ ಸರಿಯುತ್ತದೆ. ಒಂದೇ ಚೌಕಟ್ಟು, ಎರಡು ಓದು: ನಾಲ್ಕನೆಯ ಭಾಗದ ಪರೀಕ್ಷೆಯಲ್ಲಿ ಇದು ಉತ್ತೀರ್ಣ.

ಸ್ಥಳವಾಚಿ ‘ಓವರ್’ ಕನ್ನಡಕ್ಕೆ ಬಂದಿಲ್ಲ. ‘ಮೇಜಿನ ಓವರ್’ ಎಂದು ಯಾರೂ ಹೇಳರು. ಪರಸರ್ಗದ ಸ್ಥಾನ ಹೊರಗಿನ ಪದಗಳಿಗೆ ಸುಲಭವಾಗಿ ತೆರೆಯುವಂಥದಲ್ಲವಾದ್ದರಿಂದ ಈ ಗೈರುಹಾಜರಿಯೊಂದರಿಂದಲೇ ಏನನ್ನೂ ಸಾಧಿಸಲಾಗದು. ಆದರೆ ಬಂದದ್ದರಿಂದ ಒಂದು ಸೀಮಿತ ತೀರ್ಮಾನ ಸಾಧ್ಯ. ಜಾಲಸಿದ್ಧಾಂತದಲ್ಲಿ ಮುಕ್ತಾಯ ಮತ್ತು ಅತಿರೇಕಗಳು ಅಂಚಿನ ಅರ್ಥಗಳು. ಅವಕ್ಕೆ ಪ್ರೇರಣೆ ಕೇಂದ್ರದ ಸ್ಥಳದೃಶ್ಯದಿಂದ ಬರುತ್ತದೆ. ಇಂಗ್ಲಿಷ್ ಬಾರದ ಕನ್ನಡಿಗನೂ ಆ ಕೇಂದ್ರದ ನೆರವಿಲ್ಲದೆ ಈ ಅಂಚಿನ ಅರ್ಥಗಳನ್ನು ನಿರಾಯಾಸವಾಗಿ ಬಳಸುತ್ತಾನೆ; ಅವನ ಬಳಕೆಯಲ್ಲಿ ಅತಿರೇಕ ಒಂದೇ, ಎರಡಲ್ಲ. ಇದು ಇಂಗ್ಲಿಷ್ ಭಾಷಿಕನ ಮನಸ್ಸಿನ ಬಗ್ಗೆ ನೇರ ಸಾಕ್ಷಿಯಲ್ಲ. ಈ ಅರ್ಥಗಳನ್ನು ಬಿಡಿಬಿಡಿಯಾಗಿ ಕಲಿಯಬಹುದು, ಹೊಂದಿರಬಹುದು ಎಂಬುದಕ್ಕೆ ಮಾತ್ರ ಸಾಕ್ಷಿ. ಅಷ್ಟಾದರೂ ಸಾಧಿತವಾದರೆ, ಅವು ಇಂಗ್ಲಿಷ್ ಭಾಷಿಕನ ಮನಸ್ಸಿನಲ್ಲಿ ಕೇಂದ್ರಕ್ಕೆ ಜೋಡಿಸಿಕೊಂಡೇ ಇವೆ ಎಂದು ತೋರಿಸುವ ಹೊಣೆ ಜಾಲ ಬರೆದವರ ಮೇಲೆ ಬೀಳುತ್ತದೆ.

7. ಉಪಸಂಹಾರ

ಮೇಲಿನ ಚರ್ಚೆಯಿಂದ 3 ನಿಯಮಗಳು ಹೊರಡುತ್ತವೆ. ಒಂದು: ಒಂದೇ ಚೌಕಟ್ಟಿನಲ್ಲಿ ಒಂದು ಓದನ್ನು ಒಪ್ಪಿ ಇನ್ನೊಂದನ್ನು ನಿರಾಕರಿಸಲು ಸಾಧ್ಯವಾದಾಗ ಮಾತ್ರ ಪದಕ್ಕೆ ಪ್ರತ್ಯೇಕ ಅರ್ಥವನ್ನು ಎಣಿಸಬೇಕು. ಎರಡು: ಚೌಕಟ್ಟು ಬೇರೆಯಾದಲ್ಲಿ ಭೇದವನ್ನು ರಚನೆಯ ಹೆಸರಿನಲ್ಲಿ ದಾಖಲಿಸಿ, ಪದದ ಪಾಲನ್ನು ಬೇರೆಯಾಗಿ ಸಾಧಿಸಬೇಕು. ಮೂರು: ಅರ್ಥವಿಕಾಸದ ಚಿತ್ರವನ್ನೂ ಸಮಕಾಲೀನ ಅರ್ಥಗಳ ಚಿತ್ರವನ್ನೂ ಎರಡು ಹಾಳೆಗಳಲ್ಲಿ ಬರೆಯಬೇಕು. ಈ ಕ್ರಮದಲ್ಲಿ ‘ಓವರ್’ ಪದದ ಅರ್ಥಸಂಖ್ಯೆ ಟೈಲರ್ ಮತ್ತು ಇವಾನ್ಸ್ ನೀಡಿದ್ದಕ್ಕಿಂತ ಕಡಿಮೆಯಾಗುತ್ತದೆ. ಆದರೆ ಸ್ಥಳ, ಕಾಲ, ವಿಷಯಗಳ ಭೇದ ಉಳಿಯುವುದರಿಂದ ರೂಲ್ ಅವರ ಏಕಾರ್ಥಕ್ಕೂ ಇಳಿಯುವುದಿಲ್ಲ.

ಕನ್ನಡದ ‘ಮೇಲೆ’, ‘ಒಳಗೆ’, ‘ಹಿಂದೆ’, ‘ಮುಂದೆ’ ಪದಗಳನ್ನು ಅಧ್ಯಯನ ಮಾಡಹೊರಡುವ ಸಂಶೋಧನಾ ವಿದ್ಯಾರ್ಥಿಗೆ ‘ಓವರ್’ ಪದದ ಜಾಲಚಿತ್ರ ಸಿದ್ಧ ಮಾದರಿಯಾಗಿ ಕೈಗೆ ಸಿಗುತ್ತದೆ. ನಡುವೆ ಒಂದು ವೃತ್ತ, ಸುತ್ತ ಬಾಣಗಳು. ಆ ಚಿತ್ರವನ್ನು ಎರವಲು ತರುವ ಮುನ್ನ ಅದರ ಪ್ರತಿ ಬಾಣವೂ ಯಾವುದನ್ನು ಸೂಚಿಸುತ್ತದೆ, ಕಾಲಕ್ರಮವನ್ನೋ, ಊಹೆಯನ್ನೋ, ಭಾಷಿಕನ ಜ್ಞಾನವನ್ನೋ ಎಂದು ಕೇಳಿಕೊಳ್ಳಬೇಕು. ಕೆರೆ, ಮಂಜು, ಹಕ್ಕಿಗಳ ವಾಕ್ಯದಂಥವನ್ನು ರಚಿಸಿ ಭಾಷಿಕರ ಮುಂದಿಡುವುದರಿಂದ ಆ ಕೆಲಸ ಆರಂಭವಾಗಬೇಕು. ಜಾಲಚಿತ್ರ ಬರೆಯುವುದು ಆಮೇಲಿನ ಕೆಲಸ.